ಉತ್ತರಾಭಿಮುಖ ಸಮಾಧಿ

ಜಪಾನಿನ ಯೊಶಿನೊ ಪರ್ವತದಲ್ಲಿ, ನ್ಯೊಯಿರಿಂಜಿ ದೇವಾಲಯದ ಹಿಂಬದಿಯ ವೃಕ್ಷಚ್ಛಾಯೆಯಲ್ಲಿ, ಚಕ್ರವರ್ತಿ ಗೋ-ದೈಗೊನ ಸಮಾಧಿಯಿದೆ. ಸಮ್ರಾಟರ ಸಮಾಧಿಗಳು ದಕ್ಷಿಣಕ್ಕೆ ಮುಖಮಾಡಿರುವ ವಾಡಿಕೆಯನ್ನು ಮೀರಿ ಇದು ಉತ್ತರಕ್ಕೆ, ಎಂದರೆ ಅವನು ಕಳೆದುಕೊಂಡ ಕ್ಯೋಟೊ ನಗರದ ಕಡೆಗೆ, ನೋಡುತ್ತಿದೆ.

ಈ ದುಃಖದ ಬೀಜ ಬಿದ್ದುದು 1272ರಲ್ಲಿ. ಉತ್ತರಾಧಿಕಾರವನ್ನು ಸ್ಪಷ್ಟವಾಗಿ ನಿರ್ಣಯಿಸದೆಯೇ ನಿವೃತ್ತ ಚಕ್ರವರ್ತಿ ಗೋ-ಸಾಗನು ಕಾಲವಾಗಲು, ಅವನ ಮಕ್ಕಳಾದ ಗೋ-ಫುಕಾಕುಸ ಮತ್ತು ಕಾಮೆಯಾಮರ ಸಂತತಿಗಳು ಜಿಮ್ಯೋಯಿನ್, ದೈಕಾಕುಜಿ ಎಂಬ ಎರಡು ಶಾಖೆಗಳಾಗಿ ಒಡೆದು, ಕಾಮಾಕುರದಲ್ಲಿದ್ದ ಶೋಗನ್ ಎಂಬ ಸೇನಾಧಿಪತಿಯ ಸರ್ಕಾರದ ಮಧ್ಯಸ್ಥಿಕೆಯಲ್ಲಿ ಸರದಿಯಂತೆ ಪಟ್ಟವೇರತೊಡಗಿದುವು. ದೈಕಾಕುಜಿ ಶಾಖೆಯ ಗೋ-ದೈಗೊ ಈ ಸರದಿಗೊಪ್ಪದೆ, 1333ರಲ್ಲಿ ಕಾಮಾಕುರದ ಅಧಿಕಾರ ಪತನಗೊಂಡೊಡನೆ ರಾಜ್ಯಭಾರವನ್ನು ತಾನೇ ವಹಿಸಿಕೊಂಡನು. ಆದರೆ ಯೋಧರ ಅಸಮಾಧಾನದ ಬಲದಿಂದ ತಿರುಗಿಬಿದ್ದ ಸೇನಾನಿ ಅಶಿಕಾಗ ತಕಾಉಜಿಯು 1336ರಲ್ಲಿ ಕ್ಯೋಟೊವನ್ನು ಹಿಡಿದು, ಎದುರು ಶಾಖೆಯ ಕೋಮ್ಯೋನನ್ನು ಪಟ್ಟಕ್ಕೆ ತಂದನು. ಯೊಶಿನೊವಿಗೆ ತಪ್ಪಿಸಿಕೊಂಡು ಹೋದ ಗೋ-ದೈಗೊ, ಕನ್ನಡಿ, ಖಡ್ಗ, ಮಣಿಗಳೆಂಬ ನಿಜವಾದ ರಾಜಲಾಂಛನಗಳು ತನ್ನಲ್ಲಿಯೇ ಇವೆಯೆಂದು ಸಾರಿ, 1339ರಲ್ಲಿ ಅಲ್ಲಿಯೇ ಕಣ್ಮುಚ್ಚಿದನು.

ಹೀಗೆ ಯೊಶಿನೊವಿನಲ್ಲಿ ದಕ್ಷಿಣದ ಆಸ್ಥಾನ, ಕ್ಯೋಟೊವಿನಲ್ಲಿ ಉತ್ತರದ ಆಸ್ಥಾನ ಎಂದು ರಾಜಪೀಠ ಎರಡಾಯಿತು. 1392ರಲ್ಲಿ ಶೋಗನ್ ಅಶಿಕಾಗ ಯೊಶಿಮಿತ್ಸುವಿನ ಸಂಧಾನದಂತೆ ದಕ್ಷಿಣದ ಗೋ-ಕಾಮೆಯಾಮನು ಆ ಲಾಂಛನಗಳನ್ನು ಉತ್ತರದ ಗೋ-ಕೊಮತ್ಸುವಿಗೆ ಒಪ್ಪಿಸಿದನು; ಸರದಿ ಮರಳಿ ನಡೆಯುವುದೆಂಬ ವಚನ ಮಾತ್ರ ಈಡೇರಲಿಲ್ಲ. ಸಿಂಹಾಸನ ಇಂದಿಗೂ ಉತ್ತರದ ಸಂತತಿಯದೇ. ಆದರೂ 1911ರಲ್ಲಿ ಸರ್ಕಾರವು ನ್ಯಾಯವಾದ ಪರಂಪರೆ ದಕ್ಷಿಣದ್ದೆಂದು ಘೋಷಿಸಿತು. ಸೋತವನ ಹಕ್ಕನ್ನು ಗೆದ್ದವನ ವಂಶವೇ ಮನ್ನಿಸಿದ ಆ ಗಳಿಗೆಯಲ್ಲಿ, ಯೊಶಿನೊವಿನ ಸಮಾಧಿಯ ದೀರ್ಘನಿರೀಕ್ಷೆ ಒಂದಿಷ್ಟಾದರೂ ಸಾರ್ಥಕವಾಯಿತು.