ಹಡಪದಿಂದ ಹೆಗಲಚೀಲದವರೆಗೆ

ಗಂಡಸಿಗೂ ಕೈಚೀಲಕ್ಕೂ ಏನು ಸಂಬಂಧ ಎಂದು ಕೇಳುವವರು ಇಂದಿಗೂ ಇದ್ದಾರೆ. ಹೆಂಗಸರ ಕೈಯಲ್ಲಿ ಪರ್ಸು, ವ್ಯಾನಿಟಿ ಬ್ಯಾಗು. ಗಂಡಸಿನ ಸಂಪತ್ತೆಲ್ಲ ಅಂಗಿಯ ಕಿಸೆಯಲ್ಲಿ, ಷರಾಯಿಯ ಜೇಬಿನಲ್ಲಿ ಎಂಬುದು ಲೋಕರೂಢಿಯಾಗಿ ನಿಂತುಬಿಟ್ಟಿದೆ. ನಮ್ಮ ಮನೆಗಳ ಹುಡುಗನೊಬ್ಬ ಎದೆಗೆ ಅಡ್ಡವಾಗಿ ಪುಟ್ಟ ಚೀಲವೊಂದನ್ನು ಇಳಿಬಿಟ್ಟುಕೊಂಡು ಕಾಲೇಜಿಗೆ ಹೊರಟರೆ, “ಇದೇನಪ್ಪಾ, ಹೆಂಗಸರ ಹಾಗೆ!” ಎಂದು ನಗುವ ಹಿರಿಯರು ಡೊಂಬಿವಲಿಯಲ್ಲಿಯೂ ಉಂಟು, ದಹಿಸರದಲ್ಲಿಯೂ ಉಂಟು. ನಗೆ ನಿರಪಾಯಕಾರಿಯಾದುದೇ. ಆದರೆ ಅದರ ಹಿಂದಿರುವ ತಿಳಿವಳಿಕೆ ಮಾತ್ರ ಸರಿಯಾದುದಲ್ಲ. ಕನ್ನಡ ನಾಡಿನ ಗಂಡಸು ಎಂಟುನೂರು ವರ್ಷಗಳಿಗೂ ಹಿಂದಿನಿಂದ ಚೀಲ ಹಿಡಿದವನೇ. ಅದನ್ನು ಕೆಳಗಿಟ್ಟದ್ದು ತೀರ ಈಚೆಗೆ. ಮತ್ತೆ ಎತ್ತಿಕೊಂಡದ್ದು ಈ ಮುಂಬಯಿಯಲ್ಲಿ. ಆ ಕಥೆಯನ್ನು ರಾಜ್ಯೋತ್ಸವದ ಈ ಸಂದರ್ಭದಲ್ಲಿ ಸಂಕ್ಷೇಪವಾಗಿ ಹೇಳುವುದು ನಮ್ಮ ಉದ್ದೇಶ.

ಮೊದಲು ವರ್ತಕರನ್ನು ನೋಡೋಣ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆ ಹಿಂದೆ ಅಯ್ಯಾವೊಳೆ ಎಂದು ಹೆಸರಾಗಿದ್ದ ಊರು. ಅಲ್ಲಿಂದ ಹೆಸರು ಪಡೆದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ದಕ್ಷಿಣಾಪಥವನ್ನೆಲ್ಲ ಸುತ್ತಿ, ಕಡಲು ದಾಟಿ ವ್ಯಾಪಾರ ಮಾಡಿತು. ಆ ವರ್ತಕರ ಹೆಗ್ಗುರುತುಗಳಲ್ಲಿ ಚೀಲವೂ ಒಂದು. ಅದರ ಹೆಸರು ‘ಪಸುಂಬೆ’. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಗಿ ‘ಹಸುಂಬೆ’ಯಾಯಿತು, ಮುಂದೆ ಜನರ ಬಾಯಲ್ಲಿ ಸವೆದು ‘ಹಸುಬೆ’, ‘ಹಸಿಬೆ’ ಎಂದಾಯಿತು. ಹಸಿಬೆ ಚೀಲವನ್ನು ಕಂಡವರು ನಮ್ಮಲ್ಲಿ ಇನ್ನೂ ಕೆಲವರಿದ್ದಾರೆ. ಉದ್ದನೆಯ ಚೀಲ, ಬಾಯಿ ನಡುವೆ, ಹೆಗಲ ಮೇಲೆ ಹಾಕಿದರೆ ಒಂದು ಪಾಲು ಎದೆಯ ಮೇಲೆ, ಒಂದು ಪಾಲು ಬೆನ್ನಿನ ಮೇಲೆ. ಭಾರ ಎರಡು ಕಡೆಗೂ ಸಮನಾಗಿ ಹಂಚಿಹೋಗಿ ಎರಡು ಕೈಗಳೂ ಬಿಡುವಾಗಿರುತ್ತವೆ. ಸಂತೆಗೆ, ಜಾತ್ರೆಗೆ, ಬೀಗರ ಊರಿಗೆ ಹೊರಟ ಗೃಹಸ್ಥನಿಗೆ ಇದೇ ಪೆಟ್ಟಿಗೆ, ಇದೇ ಬುತ್ತಿಯ ಗಂಟು.

ಇನ್ನು ‘ಹಡಪ’. ಎಲೆ, ಅಡಿಕೆ, ಸುಣ್ಣಗಳನ್ನಿಡುವ ಸಂಚಿಗೆ ಹಡಪವೆಂದು ಹೆಸರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಹಡಪವನ್ನು ಹಿಡಿದವನು ಅಪ್ಪಣ್ಣ. ದೊಡ್ಡವರ ತಾಂಬೂಲದ ಸಂಚಿ ಹಿಡಿಯುವುದು ಎಂಥವರಿಗೂ ದೊರೆಯುವ ಕೆಲಸವಲ್ಲ. ಬಾಯಿಗೆ ಹೋಗುವ ವಸ್ತುವನ್ನು ನಂಬಿಕೆಯವನ ಕೈಯಲ್ಲಿಯೇ ಇಡಬೇಕಷ್ಟೆ. ಬಸವಣ್ಣನವರನ್ನು ಕಾಣಬಂದವರು ಮೊದಲು ಅಪ್ಪಣ್ಣನನ್ನು ಕಾಣಬೇಕಾಗಿತ್ತೆಂದು ಶರಣ ಪರಂಪರೆ ಹೇಳುತ್ತದೆ. ಆತ ಇನ್ನೂರಕ್ಕೂ ಹೆಚ್ಚು ವಚನಗಳನ್ನು ನಮಗೆ ಬಿಟ್ಟುಹೋಗಿದ್ದಾನೆ. ಆತನ ಮಡದಿ ಲಿಂಗಮ್ಮನೂ ವಚನಕಾರ್ತಿ. ಚೀಲ ಹೊರುವುದು ಕೀಳು ಕೆಲಸವೆಂದು ಯಾರಾದರೂ ಹೇಳಿದರೆ, ಆ ಚೀಲವನ್ನೇ ಹೆಸರಾಗಿ ಹೊತ್ತು ಎಂಟು ಶತಮಾನ ಬಾಳಿದ ಹಡಪದ ಅಪ್ಪಣ್ಣನನ್ನು ತೋರಿಸಿದರೆ ಸಾಕು.

ಐನೂರು ವರ್ಷಗಳ ತರುವಾಯ ಮೈಸೂರಿನಲ್ಲಿ ಇದೇ ಮಾತು ಇನ್ನೊಂದು ರೀತಿಯಲ್ಲಿ ನಡೆಯಿತು. ಚಿಕ್ಕದೇವರಾಜ ಒಡೆಯರ (೧೬೭೩–೧೭೦೪) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದು ‘ಸಂಚಿಯ ಹೊನ್ನಮ್ಮ’ನೆಂದೇ ಪ್ರಸಿದ್ಧಳಾದಳು. ಕಲ್ಯಾಣದ ಗಂಡಸಿಗೂ ಮೈಸೂರಿನ ಹೆಂಗಸಿಗೂ ಒಂದೇ ಬಗೆಯ ಚೀಲದಿಂದ ಹೆಸರು ಬಂತು. ಚೀಲಕ್ಕೆ ಗಂಡು ಹೆಣ್ಣೆಂಬ ಭೇದ ನಮ್ಮ ಹಿಂದಿನವರಲ್ಲಿ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಭೇದವಿದ್ದುದು ಕೆಲಸದಲ್ಲಿ. ಒಂದೊಂದು ಕೆಲಸಕ್ಕೆ ಒಂದೊಂದು ಚೀಲ, ಒಂದೊಂದು ಚೀಲಕ್ಕೆ ಒಂದೊಂದು ಹೆಸರು. ಹಣವನ್ನು ತುಂಬಿ ಸೊಂಟಕ್ಕೆ ಬಿಗಿಯುವ ಉದ್ದನೆಯ ಚೀಲ ‘ಹಮ್ಮಿಣಿ’. ಇದು ಪಾರಸಿಯಿಂದ ಬಂದ ಮಾತು. ದಾರ ಎಳೆದರೆ ಬಾಯಿ ಮುಚ್ಚುವ ಪುಟ್ಟ ಚೀಲ ‘ಬಟವೆ’. ಎಲೆಗೆ, ಅಡಿಕೆಗೆ, ತಂಬಾಕಿಗೆ ಬೇರೆ ಬೇರೆ ಮನೆಗಳಿದ್ದು, ಸುರುಳಿ ಸುತ್ತಿ ದಾರ ಕಟ್ಟುವಂಥದು ಉತ್ತರ ಕರ್ನಾಟಕದ ‘ಚಂಚಿ’. ಜಂಗಮರ ಹೆಗಲಿಗೆ ‘ಜೋಳಿಗೆ’. ಶಾಲೆಯ ಹುಡುಗನಿಗೆ ‘ಪಾಟಿಚೀಲ’. ಪೇಟೆಗೆ ಹೋಗುವವನಿಗೆ ‘ಪಿಶವಿ’. ಜೋಳಿಗೆಯ ಮಹಿಮೆ ನಮ್ಮ ಕಾಲಕ್ಕೂ ಉಳಿದುಬಂದಿದೆ. ಇಳಕಲ್ಲಿನ ಮಹಾಂತ ಸ್ವಾಮಿಗಳು ಊರೂರು ತಿರುಗಿ, ಜನರು ತಮ್ಮ ದುಶ್ಚಟಗಳನ್ನೇ ಭಿಕ್ಷೆಯಾಗಿ ಹಾಕುವಂತೆ ಜೋಳಿಗೆ ಒಡ್ಡಿದರು. ‘ಮಹಾಂತ ಜೋಳಿಗೆ’ ಎಂದು ಅದು ನಾಡಿನಲ್ಲಿ ಹೆಸರಾಯಿತು.

ಹಾಗಾದರೆ ಗಂಡಸು ಚೀಲವನ್ನು ಬಿಟ್ಟದ್ದೇಕೆ? ಉತ್ತರ ದರ್ಜಿಯ ಸೂಜಿಯಲ್ಲಿದೆ. ಯೂರೋಪಿನಲ್ಲಿಯೂ ಮಧ್ಯಯುಗದ ಗಂಡಸರು ನಡುಪಟ್ಟಿಗೆ ಚೀಲ ಕಟ್ಟಿಕೊಂಡೇ ಓಡಾಡುತ್ತಿದ್ದರು. ಹದಿನೇಳನೆಯ ಶತಮಾನದ ಸುಮಾರಿಗೆ ಗಂಡಸರ ಉಡುಪಿನ ಒಳಗೇ ಜೇಬನ್ನು ಹೊಲಿಯುವುದು ರೂಢಿಯಾಯಿತು. ಹೆಂಗಸರ ಉಡುಪಿಗೆ ಆ ಸೌಕರ್ಯ ದೊರೆಯಲಿಲ್ಲ. ಅವರು ಲಂಗದ ಒಳಗೆ ಸೊಂಟಕ್ಕೆ ಚೀಲ ಕಟ್ಟಿಕೊಂಡರು. ಹದಿನೆಂಟನೆಯ ಶತಮಾನದ ಕೊನೆಗೆ ಉಡುಪು ತೆಳುವಾದಾಗ ಆ ಚೀಲ ಕೈಗೆ ಬಂತು. ಕೈಚೀಲ ಹೆಂಗಸರದೆಂಬ ಭಾವನೆ ಬೆಳೆದದ್ದು ಹೀಗೆ. ಅಲ್ಲಿಯೂ ಸ್ಕಾಟ್ಲೆಂಡಿನ ಗಂಡಸರು ಮಾತ್ರ ತಮ್ಮ ಸಾಂಪ್ರದಾಯಿಕ ಉಡುಪಿನ ಮುಂದೆ ಇಂದಿಗೂ ಚೀಲವನ್ನು ತೂಗಹಾಕಿಕೊಳ್ಳುತ್ತಾರೆ. ಆ ಉಡುಪಿಗೆ ಜೇಬಿಲ್ಲ. ನಮ್ಮ ಕಚ್ಚೆಪಂಚೆಗೂ ಜೇಬಿರಲಿಲ್ಲ. ಆದಕಾರಣ ಹಮ್ಮಿಣಿ, ಬಟವೆಗಳು ಬೇಕಾಗಿದ್ದವು. ಕೋಟು, ಷರ್ಟು, ಷರಾಯಿಗಳು ಬಂದೊಡನೆ ಚೀಲ ಬಟ್ಟೆಯೊಳಗೆ ಅಡಗಿಕೊಂಡಿತು. ಅಡಗಿತೇ ಹೊರತು ಅಳಿಯಲಿಲ್ಲ. ‘ಕಿಸೆ’ ಎಂಬ ನಮ್ಮ ಮಾತಿಗೆ ಮೂಲವಾದ ಅರಬ್ಬಿ–ಪಾರಸಿಯ ‘ಕೀಸಾ’ಕ್ಕೆ ಚೀಲವೆಂದೇ ಅರ್ಥ. “ನಾವು ಚೀಲ ಹಿಡಿಯುವವರಲ್ಲ, ಎಲ್ಲ ಕಿಸೆಯಲ್ಲಿದೆ” ಎಂದು ಬೀಗುವವರು ಚೀಲದ ಹೆಸರನ್ನೇ ಹೇಳುತ್ತಿದ್ದಾರೆ!

ಇನ್ನು ಮುಂಬಯಿಗೆ ಬರೋಣ. ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಗುವವರೆಗೆ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ೧೮೬೨ರಲ್ಲಿ ಸ್ಥಾಪನೆಯಾದ ಹೈಕೋರ್ಟಿನ ಕಟ್ಟೆ ಹತ್ತಿದ ಆ ಸೀಮೆಯ ಕಕ್ಷಿಗಾರನಿಗೆ ಕಾಗದಪತ್ರಗಳ ದಫ್ತರವೇ ಜೀವ. ಆ ‘ದಫ್ತರ’ ಎಂಬ ಮಾತು ಮರಾಠಿಯಲ್ಲಿ ಶಾಲೆಯ ಮಕ್ಕಳ ಪುಸ್ತಕದ ಚೀಲಕ್ಕೆ ಹೆಸರಾಗಿ, ಇಲ್ಲಿಯ ನಮ್ಮ ಮಕ್ಕಳ ಬಾಯಿಗೂ ಬಂತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದರೂ ಅಲ್ಲಿಯ ಹುಡುಗರು ಹೊಟ್ಟೆಪಾಡಿಗೆ ಹಿಡಿದದ್ದು ಮುಂಬಯಿಯ ದಾರಿಯನ್ನೇ. ಕೊಂಕಣ ರೈಲು ಪೂರ್ಣವಾಗಿ ಓಡಿದ್ದು ೧೯೯೮ರಲ್ಲಿ. ಅದಕ್ಕೂ ಹಿಂದೆ ಸ್ಟೀಮರಿನಲ್ಲಿಯೋ ಘಟ್ಟ ಹತ್ತಿ ಬಸ್ಸು ರೈಲುಗಳಲ್ಲಿಯೋ ಬಂದವರ ಬಳಿ ಇದ್ದದ್ದು ಬಟ್ಟೆಯ ಒಂದು ಚೀಲ. ಅನುಕೂಲವಿದ್ದವರಿಗೆ ತಗಡಿನ ಒಂದು ಟ್ರಂಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋದ ಹುಡುಗರ ಪಾಲಿಗೆ ಬಂದ ದಿನದ ಚೀಲವೇ ಪುಸ್ತಕದ ಚೀಲವಾಯಿತು, ಮಲಗುವಾಗ ದಿಂಬೂ ಆಯಿತು.

ದುಡಿದ ಹಣವನ್ನು ಎಲ್ಲಿಡುವುದು? ಈ ಪ್ರಶ್ನೆಗೆ ಉತ್ತರವೂ ಒಂದು ಚೀಲದಲ್ಲಿಯೇ ಬಂತು. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕು, ೧೯೨೮ರಲ್ಲಿ ‘ಪಿಗ್ಮಿ’ ಠೇವಣಿಯನ್ನು ಆರಂಭಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಬಡವನ ಬಾಗಿಲಿಗೆ ಬ್ಯಾಂಕೇ ಬರುವ ಏರ್ಪಾಡು ಅದು. ದಿನಕ್ಕೆ ೨ ಆಣೆಯಾದರೂ ಸಾಕು. ಆ ಎರಡಾಣೆಯನ್ನು ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ತೆಗೆದುಕೊಂಡು, ಪುಸ್ತಕದಲ್ಲಿ ಬರೆದು, ಕಂಕುಳ ಚೀಲಕ್ಕೆ ಹಾಕಿಕೊಂಡು ಹೋಗುತ್ತಿದ್ದವನು ಪಿಗ್ಮಿ ಏಜೆಂಟ. ಸಿಂಡಿಕೇಟ್ ಬ್ಯಾಂಕು ೨೦೨೦ರ ಏಪ್ರಿಲ್ ೧ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಆ ಏಜೆಂಟನ ಚೀಲದಿಂದ ಎಷ್ಟು ಮಕ್ಕಳ ಶಾಲೆಯ ಫೀಜು ಸಂದಿತು, ಎಷ್ಟು ತಂಗಿಯರ ಮದುವೆ ನಡೆಯಿತು ಎಂಬ ಲೆಕ್ಕ ಯಾವ ಖಾತೆಯಲ್ಲಿಯೂ ಸಿಗದು. ಹಡಪದ ಅಪ್ಪಣ್ಣನಿಗೆ ಒಪ್ಪಿಸಿದ್ದ ನಂಬಿಕೆಯೇ ಇಲ್ಲಿಯೂ ಇದ್ದದ್ದು. ಹಿಡಿದ ಚೀಲ ತನ್ನದು, ಅದರೊಳಗಿನ ವಸ್ತು ಪರರದು.

ಈ ದೃಷ್ಟಿಯಿಂದ ನೋಡಿದರೆ ಮುಂಬಯಿ ನಗರವನ್ನು ನಡೆಸಿದವರೇ ಚೀಲದ ಗಂಡಸರು. ೧೮೯೦ರಿಂದ ಬುತ್ತಿ ಹೊತ್ತುಬಂದ ಡಬ್ಬಾವಾಲಾಗಳು, ಖಾಕಿ ಚೀಲದ ಅಂಚೆಯವರು, ಚರ್ಮದ ಚೀಲದಲ್ಲಿ ಚಿಲ್ಲರೆ ಕುಲುಕಿಸುತ್ತಿದ್ದ ಬಸ್ಸಿನ ಕಂಡಕ್ಟರರು, ಔಷಧಿಯ ಮಾದರಿಗಳನ್ನು ಹೊತ್ತ ಕಂಪನಿಯ ಪ್ರತಿನಿಧಿಗಳು, ವಿಮೆಯ ಏಜೆಂಟರು. ಸಿಮೆಂಟಿನ ಖಾಲಿ ಚೀಲದಲ್ಲಿ ಕರಣೆ, ತೂಗುಗುಂಡು ಇಟ್ಟುಕೊಂಡು ಬೆಳಗಿನ ನಾಕಾದಲ್ಲಿ ಕೂಲಿಗಾಗಿ ನಿಲ್ಲುವ ವಿಜಾಪುರ, ಕಲಬುರ್ಗಿಯ ಗಾರೆ ಕೆಲಸದವರು—ಇವರಲ್ಲಿ ಯಾರನ್ನೂ ಕಂಡು ‘ಹೆಂಗಸರ ಹಾಗೆ’ ಎಂದು ನಕ್ಕವರಿಲ್ಲ. ಹೊಟ್ಟೆಪಾಡಿನ ಚೀಲಕ್ಕೆ ನಗೆಯಿಲ್ಲ, ಒಪ್ಪದ ಚೀಲಕ್ಕೆ ನಗೆ. ಇದು ವಿಚಿತ್ರವಾದ ನ್ಯಾಯವೇ ಸರಿ.

ಒಪ್ಪದ ಚೀಲವೂ ನಮ್ಮವರಿಗೆ ಹೊಸದಲ್ಲ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಖಾದಿಯ ಹೆಗಲಚೀಲ ದೇಶಭಕ್ತನ ಲಾಂಛನವಾಗಿತ್ತು. ೧೯೭೦ರ ದಶಕಕ್ಕೆ ಅದೇ ಚೀಲ ಜುಬ್ಬದ ಜೊತೆಗೂಡಿ ಸಾಹಿತಿಯ ಗುರುತಾಯಿತು. ಮರಾಠಿಗರು ಅದನ್ನು ‘ಶಬನಮ್’ ಎಂದು ಕರೆದರು. ಕವಿಯ ಹೆಗಲಚೀಲದಲ್ಲಿ ಕವಿತೆಗಿಂತ ಸಾಲದ ಚೀಟಿಗಳೇ ಹೆಚ್ಚೆಂದು ವಿನೋದ ಮಾಡುವವರೂ ಇದ್ದರು. ಮುಂದೆ ಕಚೇರಿಯ ಅಧಿಕಾರಿಗೆ ಬ್ರೀಫ್‌ಕೇಸು ಬಂತು. ಹೋಟೆಲಿನ ಯಜಮಾನರ, ಕಂತ್ರಾಟುದಾರರ ಕಂಕುಳಿಗೆ ಚರ್ಮದ ಪೌಚು ಬಂತು. ಆ ಪೌಚು ಹಳೆಯ ಹಮ್ಮಿಣಿಯ ಮೊಮ್ಮಗನಲ್ಲದೆ ಮತ್ತೇನು?

ಲೋಕಲ್ ರೈಲಿನಲ್ಲಿ ಚೀಲಕ್ಕೊಂದು ಬೇರೆ ಧರ್ಮವೇ ಇದೆ. ನಿಂತವನ ಚೀಲವನ್ನು ಕುಳಿತವನು ಕೇಳದೆಯೇ ಕೈನೀಡಿ ತೆಗೆದುಕೊಂಡು ಮೇಲಿನ ಹಲಗೆಗೆ ದಾಟಿಸುತ್ತಾನೆ. ಇಳಿಯುವಾಗ ಅಪರಿಚಿತರ ಕೈಯಿಂದ ಕೈಗೆ ಸಾಗಿ ಅದು ಒಡೆಯನನ್ನು ಸೇರುತ್ತದೆ. ಜಾತಿ, ಭಾಷೆಗಳನ್ನು ಕೇಳದ ಈ ಪದ್ಧತಿಗೆ ೨೦೦೬ರ ಜುಲೈ ೧೧ರ ಸಂಜೆ ದೊಡ್ಡ ಪೆಟ್ಟು ಬಿತ್ತು. ಪಶ್ಚಿಮ ರೈಲ್ವೆಯ ಗಾಡಿಗಳಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಏಳು ಬಾಂಬುಗಳು ಸಿಡಿದು ಸುಮಾರು ಇನ್ನೂರು ಜನ ಅಸುನೀಗಿದರು. ಮನೆಗೆ ಮರಳುತ್ತಿದ್ದ ದುಡಿಯುವ ಜನ ಅವರು. ಅಂದಿನಿಂದ ಹಲಗೆಯ ಮೇಲಿನ ಪ್ರತಿಯೊಂದು ಚೀಲವೂ ‘ಇದು ಯಾರದು?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ವಾರಸುದಾರರಿಲ್ಲದ ವಸ್ತುವನ್ನು ಮುಟ್ಟಬೇಡಿರೆಂಬ ಸೂಚನೆ ನಮ್ಮ ನಿತ್ಯದ ಸುಪ್ರಭಾತವಾಯಿತು. ನಂಬಿಕೆಯ ಗುರುತಾಗಿದ್ದ ಚೀಲ ಸಂಶಯದ ವಸ್ತುವಾದದ್ದು ಚೀಲದ ಚರಿತ್ರೆಯಲ್ಲಿಯೇ ದುಃಖದ ಅಧ್ಯಾಯ. ಹಾಗಿದ್ದೂ ಕೈಯಿಂದ ಕೈಗೆ ಚೀಲ ದಾಟಿಸುವುದನ್ನು ಮುಂಬಯಿಗರು ಬಿಡಲಿಲ್ಲ. ಈ ನಗರದ ದೊಡ್ಡತನ ಇರುವುದೇ ಅಲ್ಲಿ.

ಈಚಿನ ಬದಲಾವಣೆಗಳು ಎಲ್ಲರಿಗೂ ತಿಳಿದವೇ. ಕರಾವಳಿಯವರು ‘ತೊಟ್ಟೆ’ ಎನ್ನುವ ಪ್ಲಾಸ್ಟಿಕ್ ಚೀಲಕ್ಕೆ ೨೦೧೮ರ ಜೂನ್ ೨೩ರಿಂದ ಮಹಾರಾಷ್ಟ್ರದಲ್ಲಿ ನಿಷೇಧ ಬಂದ ಮೇಲೆ ಬಟ್ಟೆಯ ಪಿಶವಿಗಳು ಮತ್ತೆ ಗಂಡಸರ ಕೈಗೆ ಬಂದವು. ಹಣ ಕಿಸೆಯನ್ನೂ ಬಿಟ್ಟು ಫೋನಿನೊಳಗೆ ಸೇರಿತು. ಇಷ್ಟಾದರೂ ಚೀಲ ಕಿರಿದಾಗಲಿಲ್ಲ. ಗಣಕಯಂತ್ರ, ಬುತ್ತಿ, ನೀರು, ಕೊಡೆಗಳನ್ನು ತುಂಬಿಕೊಂಡು ಬೆನ್ನಿಗೇರಿತು. ಜನಸಂದಣಿಯಲ್ಲಿ ಬೆನ್ನಿನಿಂದ ಎದೆಗೆ ಬಂತು. ಎದೆಗೂ ಬೆನ್ನಿಗೂ ಭಾರ ಹಂಚುತ್ತಿದ್ದ ಹಸಿಬೆ ಇದನ್ನು ನೋಡಿದ್ದರೆ ನಕ್ಕೀತು! ಇತ್ತ ಹೊಸದಾಗಿ ಊರು ಬಿಟ್ಟುಬಂದ ತರುಣರು ಮನೆಮನೆಗೆ ಊಟ ತಲುಪಿಸುವ ದೊಡ್ಡ ಚೌಕದ ಚೀಲವನ್ನು ಬೆನ್ನಿಗೇರಿಸಿ ಮಳೆಯಲ್ಲಿ ಓಡುತ್ತಿದ್ದಾರೆ. ಚೀಲ ಬದಲಾಗಿದೆ; ವಲಸೆಯ ಬದುಕು ಬದಲಾಗಿಲ್ಲ.

ಬದಲಾದುದು ಇನ್ನೊಂದಿದೆ, ನಮ್ಮ ಕಳವಳವೂ ಅದೇ. ಹಸಿಬೆ, ಹಡಪ, ಸಂಚಿ, ಚಂಚಿ, ಹಮ್ಮಿಣಿ, ಬಟವೆ, ಜೋಳಿಗೆ, ಪಿಶವಿ, ಪಾಟಿಚೀಲ—ಇಷ್ಟಕ್ಕೂ ನಮ್ಮ ಮಕ್ಕಳ ಬಾಯಲ್ಲಿ ಇಂದು ಉಳಿದಿರುವುದು ‘ಬ್ಯಾಗ್’ ಎಂಬ ಒಂದೇ ಮಾತು. ವಸ್ತು ಹೋದರೆ ಮತ್ತೆ ಕೊಳ್ಳಬಹುದು. ಮಾತು ಹೋದರೆ ಯಾವ ಅಂಗಡಿಯಲ್ಲಿ ದೊರಕೀತು? ಊರು ಬಿಟ್ಟವರು ಮನೆ, ಗದ್ದೆ, ದೇವರುಗಳನ್ನೆಲ್ಲ ಹೊತ್ತು ತರಲಾರರು. ತರಬಹುದಾದುದು ಮಾತೊಂದನ್ನೇ, ಅದಕ್ಕೆ ಕೂಲಿಯವನೂ ಬೇಡ, ರೈಲಿನ ಹಲಗೆಯೂ ಬೇಡ.

ಆದುದರಿಂದ ವಾಚಕರಲ್ಲಿ ನಮ್ಮದೊಂದು ಸಣ್ಣ ಬಿನ್ನಹ. ಮನೆಯ ಅಟ್ಟದಲ್ಲಿ, ಹಳೆಯ ಟ್ರಂಕಿನಲ್ಲಿ ಅಜ್ಜನ ಚಂಚಿಯೋ ಬಟವೆಯೋ ಉಳಿದಿದ್ದರೆ ಅದನ್ನು ಎಸೆಯಬೇಡಿ. ಮಕ್ಕಳ ಕೈಗೆ ಕೊಟ್ಟು, ಅದರ ಹೆಸರನ್ನು ಹೇಳಿ, ಯಾರು ಹಿಡಿದಿದ್ದರು, ಅದರಲ್ಲಿ ಏನಿಡುತ್ತಿದ್ದರು ಎಂಬುದನ್ನು ತಿಳಿಸಿರಿ. ಚೀಲ ತೊಟ್ಟು ಹೊರಟ ಮಗನನ್ನು ನಗುವುದಕ್ಕೆ ಬದಲು, “ಹಸಿಬೆ ಚೆನ್ನಾಗಿದೆಯಪ್ಪಾ” ಎಂದುಬಿಡಿ. ಅವನು ಹಾಗೆಂದರೇನೆಂದು ಕೇಳಿಯೇ ಕೇಳುತ್ತಾನೆ. ಕೇಳಿದನೆಂದರೆ ಒಂದು ಮಾತು ಉಳಿಯಿತು.

ಈ ಹೊತ್ತು ನಿಮ್ಮ ಕೈಯಲ್ಲಿರುವುದಕ್ಕೂ ‘ಸಂಚಿಕೆ’ ಎಂದು ಹೆಸರು. ವ್ಯುತ್ಪತ್ತಿ ಏನೇ ಇರಲಿ, ನಮ್ಮ ಕಿವಿಗೆ ಅದರಲ್ಲಿ ಸಂಚಿಯೇ ಕೇಳಿಸುತ್ತದೆ. ನಮ್ಮ ಕೈಲಾದ ಎರಡು ಎಲೆ, ಒಂದು ಹೋಳು ಅಡಿಕೆಯನ್ನು ಅದರಲ್ಲಿ ಇಟ್ಟಿದ್ದೇವೆ. ಸ್ವೀಕರಿಸಬೇಕು.