ಬನ್ನಿ ಮತ್ತು ಸರ್ಕಾರಿ ತುಮ್ಮ

ಮಾದಾಪುರದ ನಮ್ಮ ವಸತಿ ಸಮುಚ್ಚಯದ ಹಿಂಬದಿಯಲ್ಲಿ ಒಂದಿಷ್ಟು ಖಾಲಿ ನೆಲವಿದೆ. ಊರಿನ ನೆನಪಿಗೆಂದು ತೀರ್ಥಹಳ್ಳಿಯಿಂದ ತಂದ ಸಂಪಿಗೆಯ ಸಸಿಯೊಂದನ್ನು ನಾವು ಅಲ್ಲಿ ನೆಟ್ಟಿದ್ದೆವು. ಅದು ಎರಡನೆಯ ಬೇಸಿಗೆಯನ್ನು ಕಾಣಲಿಲ್ಲ. ಎರಡು ಅಡಿ ಅಗೆಯುವಷ್ಟರಲ್ಲಿ ಹಾರೆ ಬಂಡೆಗೆ ತಾಗುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮಳೆಯಾದರೆ ಇಲ್ಲಿ 800ರ ಆಸುಪಾಸು. ಸಂಪಿಗೆ ನಮ್ಮ ದೇಶದ್ದೇ ಮರ, ಆದರೆ ಈ ನೆಲದ್ದಲ್ಲ. ದೇಶೀಯವೆಂಬ ಮಾತನ್ನು ನಾವು ಭೂಪಟದ ಗಡಿಗಳಿಂದ ಅಳೆದಿದ್ದೆವು.

ಈ ತಪ್ಪನ್ನು ನಮಗಿಂತ ದೊಡ್ಡವರೂ ಮಾಡಿದ್ದಾರೆ. 1877ರ ಸುಮಾರಿಗೆ ಮದರಾಸು ಪ್ರಾಂತ್ಯದ ಅರಣ್ಯ ಇಲಾಖೆ ಜಮೈಕಾದಿಂದ ಒಂದು ಮುಳ್ಳುಮರದ ಬೀಜ ತರಿಸಿ ಕಡಪದ ಒಣನೆಲದಲ್ಲಿ ಬಿತ್ತಿಸಿತು. ಸೌದೆಗೆಂದು ಬಂದ ಆ ಮರ ಕೆರೆಯಂಗಳ, ಗೋಮಾಳ, ಬೀಳುಭೂಮಿಗಳನ್ನೆಲ್ಲ ಆವರಿಸಿತು. ಕನ್ನಡಿಗರು ಅದನ್ನು ಬಳ್ಳಾರಿ ಜಾಲಿ ಎಂದರು, ತೆಲುಗರು ಸರ್ಕಾರು ತುಮ್ಮ ಎಂದರು. ಕೇಂದ್ರ ಸರ್ಕಾರದ ನೌಕರರಾದ ನಮಗೆ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಕೊಂಚ ಮುಜುಗರ.

ವಿಚಿತ್ರವೆಂದರೆ, ಅದರ ದಾಯಾದಿಯೊಂದು ಇಲ್ಲಿ ಮೊದಲಿನಿಂದಲೂ ಇತ್ತು. ಸಸ್ಯಶಾಸ್ತ್ರಜ್ಞರು ಬಹುಕಾಲ ಎರಡನ್ನೂ ಪ್ರೊಸೋಪಿಸ್ ಎಂಬ ಒಂದೇ ಕುಲದಲ್ಲಿ ಎಣಿಸಿದ್ದರು. ಆ ದಾಯಾದಿಯೇ ಬನ್ನಿ; ತೆಲುಗಿನ ಜಮ್ಮಿ, ಪಾಂಡವರು ಆಯುಧಗಳನ್ನು ಬಚ್ಚಿಟ್ಟ ಶಮೀವೃಕ್ಷ. ಬೇರು ಬಂಡೆಯ ಬಿರುಕುಗಳಲ್ಲಿ ಆಳಕ್ಕಿಳಿಯುತ್ತದೆ, ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಸೊಪ್ಪು ಆಡುಕುರಿಗಳಿಗೆ ಮೇವು. ಇಷ್ಟಾದರೂ ಅದು ನಿಧಾನವಾಗಿ ಬೆಳೆಯುವ ಮರ. ಇಲಾಖೆಗಳಿಗೆ ಬೇಕಾದದ್ದು ಬೇಗ ಬೆಳೆಯುವ ಮರ. 2015ರಲ್ಲಿ ಆರಂಭವಾದ ಹರಿತಹಾರದಲ್ಲಿಯೂ ಅದೇ ಅವಸರದಿಂದ ರಸ್ತೆಯಂಚುಗಳಿಗೆ ಕೋನೋಕಾರ್ಪಸ್ ಬಂತು. 2022ರಲ್ಲಿ ಅದನ್ನು ನೆಡಬಾರದೆಂದು ಸರ್ಕಾರವೇ ಹೇಳಬೇಕಾಯಿತು. ಅದೇ ತೆಲಂಗಾಣದ ರಾಜ್ಯವೃಕ್ಷ ಜಮ್ಮಿ, ರಾಜ್ಯಪುಷ್ಪ ಬಂಡೆಗಳ ನಡುವೆ ತಾನಾಗಿ ಅರಳುವ ತಂಗೇಡು, ನಮ್ಮ ತಂಗಡಿ.

ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದಿನೊಂದಿಗೇ ಇದ್ದವು. ಅಲ್ಲಿಂದ ಬಂದ ನೆರೆಯವರಿಗೆ ಈ ಮಣ್ಣಿನ ಪರಿಚಯ ಹೇಳಿಕೊಡಬೇಕಾಗಿಲ್ಲ. ಸಂಪಿಗೆ ಒಣಗಿದ ಕುಳಿಯನ್ನು ಕಂಡು, “ಇಲ್ಲಿ ಬನ್ನಿ ಹಚ್ರೀ ಸರ, ದಸರಾಕ್ಕ ಎಲಿ ಹುಡಕೋದು ತಪ್ಪತೈತಿ” ಎಂದರು ಒಬ್ಬರು. ಮಕ್ಕಳಿಗೆ ಮುಳ್ಳು ಚುಚ್ಚೀತೆಂದು ಸಂಘದ ಸಭೆಯಲ್ಲಿ ಆಕ್ಷೇಪ ಬಂತು, ಅದು ನ್ಯಾಯವಾದದ್ದೇ. ಕೊನೆಗೆ ಆಟದ ಜಾಗದಿಂದ ದೂರ, ಗೋಡೆಯ ಮೂಲೆಯಲ್ಲಿ ನೆಟ್ಟೆವು. ಮೂರು ವರ್ಷಗಳಾದವು, ಇನ್ನೂ ನಮ್ಮ ಭುಜದೆತ್ತರಕ್ಕೆ ಬಂದಿಲ್ಲ. ಕಳೆದ ಬೇಸಿಗೆಯಲ್ಲಿ ನಾವು ನೀರು ಹಾಕಲಿಲ್ಲ, ಅದು ಚಿಗುರಿತು.