ಬಬ್ರುವಾಹನ: ಬಯಲಿನಿಂದ ಬೆಳ್ಳಿತೆರೆಗೆ

ಕನ್ನಡದ ಪೌರಾಣಿಕ ಚಲನಚಿತ್ರಗಳು ಸಂಸ್ಕೃತ ಮಹಾಕಾವ್ಯಗಳಿಂದ ನೇರವಾಗಿ ಇಳಿದುಬಂದವು ಎಂದು ಭಾವಿಸುವುದು ವಾಡಿಕೆ. ಬಬ್ರುವಾಹನನ ಕಥೆಯು ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ.

ವ್ಯಾಸಭಾರತದ ಆಶ್ವಮೇಧಿಕ ಪರ್ವದಲ್ಲಿ, ಕಾಣಿಕೆಯೊಡನೆ ಎದುರ್ಗೊಂಡ ಮಗನನ್ನು ಅರ್ಜುನನು ಕ್ಷತ್ರಿಯಧರ್ಮ ತೊರೆದವನೆಂದು ಹಳಿಯುತ್ತಾನೆ; ಉಲೂಪಿಯ ಪ್ರೇರಣೆಯಿಂದ ಯುದ್ಧ ನಡೆಯುತ್ತದೆ. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿಯಾದರೋ ಅರ್ಜುನನು ಮಗನ ಹುಟ್ಟನ್ನೇ ಶಂಕಿಸುತ್ತಾನೆ. ಹೀಗೆ ಕದನದ ಕಾರಣವು ರಾಜಧರ್ಮದಿಂದ ತಾಯಿ ಚಿತ್ರಾಂಗದೆಯ ಮಾನಕ್ಕೆ ಸರಿಯುತ್ತದೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅನಕ್ಷರಸ್ಥರಿಗೂ ಭಾರತವನ್ನು ತಲುಪಿಸಿದ ಮಾಧ್ಯಮಗಳಲ್ಲಿ ಮೂಡಲಪಾಯ ಯಕ್ಷಗಾನ ಮುಖ್ಯವಾದುದು. ಭಾಗವತನ ಪದ, ಮುಖವೀಣೆಯ ನಾದಗಳ ನಡುವೆ ವೀರರು ಕುಲ-ಶೌರ್ಯಗಳನ್ನು ಹಳಿದುಕೊಳ್ಳುವ ವಾಗ್ವಾದವೇ ಕಾಳಗದ ಪ್ರಸಂಗಗಳ ಜೀವಾಳ. ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯು ಪುರಾಣವನ್ನು ಬಯಲಿನಿಂದ ಪರದೆಯ ರಂಗಕ್ಕೆ ತಂದ ಪ್ರಮುಖ ಸಂಸ್ಥೆಗಳಲ್ಲೊಂದು. ಆ ಕಂಪನಿಯಲ್ಲಿ ಅಭಿನಯಿಸಿದ್ದ ರಾಜಕುಮಾರ್, ಎಚ್.ಎಲ್.ಎನ್. ಸಿಂಹ ನಿರ್ದೇಶನದ ‘ಬೇಡರ ಕಣ್ಣಪ್ಪ’ದ (1954) ಮೂಲಕ ನಾಯಕನಟರಾದರು.

ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ ‘ಬಬ್ರುವಾಹನ’ದಲ್ಲಿ (1977) ತಂದೆ-ಮಗ ಎರಡೂ ಪಾತ್ರಗಳನ್ನು ರಾಜಕುಮಾರ್ ಅವರೇ ನಿರ್ವಹಿಸಿದರು. ಅಲ್ಲಿ ಬಾಣಗಳಿಗಿಂತ ಮೊದಲು ಮಾತು ಹಾಡಾಗಿ ಎರಗುತ್ತದೆ. ಕೆರಳಿಸುವುದು ತಾಯಿಗೆ ತಗುಲಿದ ಅಪವಾದ. ಕಥಾಹೇತುವು ಲಕ್ಷ್ಮೀಶನದು, ವಾಗ್ವಾದದ ವರಸೆ ಬಯಲಾಟದ್ದು. ತಾಯಿಯನ್ನು ತೊರೆದ ತಂದೆಯನ್ನು ಪ್ರಶ್ನಿಸುವ ಮಗ ಸಾಮಾಜಿಕ ಚಿತ್ರಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಈ ಹಿನ್ನೆಲೆಯಲ್ಲಿ ಗಮನಾರ್ಹ.

ಚಿತ್ರಗಳ ಪ್ರತಿಗಳು ಉಳಿದಿವೆ. ಭಾಗವತರ ಕೈಬರಹದ ಪ್ರಸಂಗಗಳೂ ಕಂಠಸ್ಥ ಪಾಠಗಳೂ ಅವರೊಡನೆಯೇ ಮರೆಯಾಗುತ್ತಿವೆ. ಅವುಗಳ ಸಂಗ್ರಹವಾಗದ ಹೊರತು ಕನ್ನಡ ಚಲನಚಿತ್ರದ ಚರಿತ್ರೆಯೂ ಅಪೂರ್ಣವೇ.